ಎಡಗಡೆ ಪೈಪು ತಣ್ಣಗಿದೆ

ಮೈಸೂರಿನ ಡಿಸೆಂಬರ್ ಬೆಳಗು. ಗ್ಯಾರೇಜಿನ ಶಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಹೊರಗೆ ನಿಂತ ಆರ್‌ಡಿ ಬೈಕು ಮೂರನೇ ಕಿಕ್ಕಿಗೆ ಎದ್ದಿತು. ಅದರ ಸದ್ದು ಕಿವಿಗೆ ಬಿದ್ದದ್ದೇ ತಡ, ಮೇಸ್ತ್ರಿ ಟೀ ಲೋಟ ಕೆಳಗಿಟ್ಟರು.

"ಒಂದೇ ಕಡೆ ಓಡ್ತಾ ಇದೆ ಕಣಪ್ಪ ಇದು."

ಗಾಡಿ ತಂದ ಹುಡುಗನಿಗೆ ಇಪ್ಪತ್ತೈದು ಇರಬಹುದು. ಗಾಡಿ ಅವನಿಗಿಂತ ಹಿರಿದು, ಅವನಪ್ಪ ಕೊಂಡದ್ದು. ಯಮಹಾ ಆರ್‌ಡಿ ವಿನ್ಯಾಸದ ಈ ಗಾಡಿಯನ್ನು ಎಸ್ಕಾರ್ಟ್ಸ್ ಕಂಪನಿ ಫರಿದಾಬಾದಿನಲ್ಲಿ ತಯಾರಿಸಿ, 1983ರಲ್ಲಿ ರಾಜದೂತ್ 350 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. 347 ಸಿಸಿ, ಎರಡು ಸಿಲಿಂಡರು, ಟೂ ಸ್ಟ್ರೋಕು, ಆರು ಗೇರು. ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡೂ ಸಿಲಿಂಡರು ಸರದಿಯಂತೆ ಒಂದೊಂದು ಸಲ ಸಿಡಿಯಬೇಕು. ಆಗಲೇ ಆ ಹೆಸರಾಂತ ತುಂಬು ಸದ್ದು. ಈಗ ಕೇಳುತ್ತಿರುವುದು ಕುಂಟುವವನ ಹೆಜ್ಜೆ. ನಡುವಿನ ಒಂದು ತಾಳ ಖಾಲಿ.

"ಬೇರೆ ಕಡೆ ಪ್ಲಗ್ ಬದಲಾಯಿಸಿದ್ರು, ಕಾರ್ಬರೇಟರ್ ತೊಳೆದ್ರು, ಟ್ಯಾಂಕೂ ಇಳಿಸಿದ್ರು ಮೇಸ್ತ್ರಿ. ಎರಡು ದಿನ ಚೆನ್ನಾಗಿತ್ತು. ಆಮೇಲೆ ಮತ್ತೆ ಮಿಸ್ಸಿಂಗು."

ಮೇಸ್ತ್ರಿ ಚೊಂಬಿನ ನೀರಿಗೆ ಬೆರಳದ್ದಿ ಬಲಗಡೆ ಪೈಪಿನ ಮೇಲೆ ಚಿಮುಕಿಸಿದರು. ಚುಂಯ್ ಎಂದು ಆವಿ ಎದ್ದಿತು. ಎಡಗಡೆಗೂ ಚಿಮುಕಿಸಿದರು. ಹನಿಗಳು ಹಾಗೇ ಜಾರಿ ನೆಲಕ್ಕೆ ಬಿದ್ದವು. ಓಡುವ ಇಂಜಿನ್ನಿನ ಪ್ಲಗ್ ಕ್ಯಾಪನ್ನು ಒಂದೊಂದಾಗಿ ಕಿತ್ತು ನೋಡುವವರಿದ್ದಾರೆ. ಅದು ಕೈಗೂ ಕೆಟ್ಟದ್ದು, ಕಾಯಿಲ್‌ಗೂ ಕೆಟ್ಟದ್ದು. ನಾಲ್ಕು ಹನಿ ನೀರು ಹೇಳುವುದನ್ನು ಹಾಗೆ ತಿಳಿಯಬೇಕಾಗಿಲ್ಲ.

ಇಂಜಿನ್ ನಿಲ್ಲಿಸಿ ಎಡಗಡೆಯ ಪ್ಲಗ್ ಬಿಚ್ಚಿದರು. ತುದಿ ಕರ್ರಗೆ, ಒದ್ದೆ ಒದ್ದೆ. ಮೂಗಿನ ಹತ್ತಿರ ಹಿಡಿದರು. "ಪೆಟ್ರೋಲ್ ಬರ್ತಾ ಇದೆ. ಉರೀತಾ ಇಲ್ಲ." ಪ್ಲಗ್ಗಿನ ತೂತಿಗೆ ಹೆಬ್ಬೆರಳೊತ್ತಿ ಹುಡುಗನಿಂದ ಕಿಕ್ ಹೊಡೆಸಿದರು. ಗಾಳಿ ಬೆರಳನ್ನು ಒದ್ದು ತಳ್ಳಿತು. ಕಂಪ್ರೆಶನ್ ಇದೆ. ಹಾಗಾದರೆ ಬೆಂಕಿಯದೇ ತಕರಾರು.

ಮುಂದಿನ ಅರ್ಧ ಗಂಟೆ ನಾನು ಕಣ್ಣು ಕೀಳಲಿಲ್ಲ. ಎರಡು ಸಿಲಿಂಡರಿನ ಗಾಡಿಯಲ್ಲಿ ಕೆಟ್ಟದ್ದರ ಪಕ್ಕದಲ್ಲೇ ನೆಟ್ಟಗಿರುವುದೂ ಇರುತ್ತದೆ. ಎರಡಕ್ಕೂ ಬೇರೆ ಬೇರೆ ಕಾಯಿಲು, ಬೇರೆ ಬೇರೆ ಪಾಯಿಂಟು. ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿ ನೋಡಬಹುದು. ರೋಗ ಜೊತೆಗೆ ಹೋದರೆ ಸಿಕ್ಕಿಬಿತ್ತು. ಆದರೆ ಒಂದು ಸಲಕ್ಕೆ ಒಂದೇ. ಮೊದಲು ಪ್ಲಗ್ ಅದಲುಬದಲು: ಎಡಗಡೆಯೇ ಸತ್ತಿತ್ತು. ಆಮೇಲೆ ಕಾಯಿಲ್: ಆಗಲೂ ಎಡಗಡೆಯೇ. ಪ್ರತಿ ಸಲವೂ ಮೊದಲಿದ್ದಂತೆ ಜೋಡಿಸಿ, ಮತ್ತೆ ಕಿಕ್ ಹೊಡೆದು ಕೇಳಿಯೇ ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಆ ಇನ್ನೊಂದು ಗ್ಯಾರೇಜಿನಲ್ಲಿ ಎಲ್ಲವನ್ನೂ ಒಟ್ಟಿಗೆ ಮುಟ್ಟಿದ್ದರು. ಅದಕ್ಕೇ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂಬ ಸುಳಿವೇ ಉಳಿದಿರಲಿಲ್ಲ.

ಎಡಬದಿಯ ಮುಚ್ಚಳ ತೆಗೆದರು. ಪಾಯಿಂಟ್‌ಗಳೆರಡೂ ಒಂದೇ ತಟ್ಟೆಯ ಮೇಲಿವೆ. ಶಟರನ್ನು ಇನ್ನಷ್ಟು ಕೆಳಗೆಳೆದು, ನೆರಳು ಮಾಡಿಕೊಂಡು ಇಂಜಿನ್ ಎಬ್ಬಿಸಿದರು. "ಬಾ, ನೋಡಿಲ್ಲಿ." ಬಲ ಸಿಲಿಂಡರಿನ ಪಾಯಿಂಟಿನಲ್ಲಿ ಕಂಡೂ ಕಾಣದ ಮಿಣುಕು. ಎಡದ್ದರಲ್ಲಿ ದಪ್ಪ ಹಳದಿ ಕಿಡಿ, ಬಿಡದೆ.

"ಕಂಡೆನ್ಸರ್ ಹೋಗಿದೆ."

ಪಾಯಿಂಟ್ ತೆರೆದ ಕೂಡಲೇ ಕಾಯಿಲ್‌ನ ಕರೆಂಟು ತಟ್ಟನೆ ಕಡಿಯಬೇಕು. ಆ ಥಟ್ಟನೆಯ ಕಡಿತದಿಂದಲೇ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ನೀಲಿ ಕಿಡಿ ಹಾರುವುದು. ಕರೆಂಟು ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ, ತೆರೆದ ಸಂದನ್ನೂ ಜಿಗಿಯಲು ನೋಡುತ್ತದೆ. ಆ ರಭಸವನ್ನು ನುಂಗಿಕೊಳ್ಳುವುದು ಕಿರುಬೆರಳ ತುದಿಯಷ್ಟಿರುವ ಕಂಡೆನ್ಸರ್. ಅದು ಸತ್ತರೆ ಬೆಂಕಿಯೆಲ್ಲ ಪಾಯಿಂಟಿನಲ್ಲೇ ಉರಿದುಹೋಗುತ್ತದೆ. ಪಾಯಿಂಟೂ ಸುಡುತ್ತದೆ, ಪ್ಲಗ್ಗಿಗೆ ಎಂಜಲಷ್ಟು ಉಳಿಯುತ್ತದೆ.

ಆದರೂ ಹೊಸದನ್ನು ಕೂಡಲೇ ಕೂರಿಸಲಿಲ್ಲ. ಡಬ್ಬಿಯಿಂದ ಒಂದು ಒಳ್ಳೆಯ ಕಂಡೆನ್ಸರ್ ತೆಗೆದು, ಹಳೆಯದರ ತಂತಿ ಬಿಡಿಸಿ, ಇದರ ತಂತಿಯನ್ನು ಪಾಯಿಂಟಿಗೂ ಮೈಯನ್ನು ಇಂಜಿನ್ನಿಗೂ ತಾತ್ಕಾಲಿಕವಾಗಿ ಸಿಕ್ಕಿಸಿದರು. ಕಿಕ್. ಎಡಗಡೆ ಸೈಲೆನ್ಸರ್ ಒಳಗೆ ಕೂತಿದ್ದ ಎಣ್ಣೆಯನ್ನೆಲ್ಲ ದಟ್ಟ ಬಿಳಿ ಹೊಗೆಯಾಗಿ ಉಗುಳಿತು. ಖಾಲಿಯಿದ್ದ ತಾಳ ತುಂಬಿತು. ಹುಡುಗ ನಕ್ಕ.

ಮೇಸ್ತ್ರಿ ನಗಲಿಲ್ಲ, ಕೆಲಸ ಇನ್ನೂ ಇತ್ತು. ಹೊಸ ಕಂಡೆನ್ಸರನ್ನು ಸರಿಯಾಗಿ ಕೂರಿಸಿ, ಸುಟ್ಟ ಪಾಯಿಂಟಿನ ಮುಖವನ್ನು ಎಮರಿ ಪೇಪರಿನಿಂದ ಉಜ್ಜಿದರು. ಉಜ್ಜಿದರೆ ಸಂದು ಬದಲಾಗುತ್ತದೆ, ಸಂದು ಬದಲಾದರೆ ಟೈಮಿಂಗ್ ಬದಲಾಗುತ್ತದೆ. ಫೀಲರ್ ಗೇಜಿನಿಂದ ಸಂದನ್ನು 0.3ರಿಂದ 0.4 ಮಿಲಿಮೀಟರಿನೊಳಗೆ ತಂದರು. ಪ್ಲಗ್ಗಿನ ತೂತಿಗೆ ಡಯಲ್ ಗೇಜ್ ಕೂರಿಸಿ, ಪಿಸ್ಟನ್ ತುದಿ ಮುಟ್ಟಲು ಸರಿಯಾಗಿ 2 ಮಿಲಿಮೀಟರ್ ಇರುವಾಗ ಪಾಯಿಂಟ್ ತೆರೆಯುವಂತೆ ಮಾಡಿದರು. "ಇಲ್ಲಿ ಅಂದಾಜು ಮಾಡಿದ್ರೆ ಪಿಸ್ಟನ್ ತೂತಾಗತ್ತೆ." ಎಡದ್ದು ಮುಗಿಸಿ, ಯಾರೂ ದೂರು ಹೇಳದ ಬಲದ್ದನ್ನೂ ಅಳೆದರು. ನನಗೆ ಆ ಮನುಷ್ಯನ ಮೇಲೆ ಗೌರವ ಮೂಡಿದ್ದು ಆ ಎರಡನೇ ಅಳತೆಯಲ್ಲಿ.

"ಚಾಮುಂಡಿ ಬೆಟ್ಟ ಹತ್ತಿ ಇಳಿದು ಬಾ. ತಣ್ಣಗಿದ್ದಾಗ ಸುಮ್ಮನಿದ್ದು ಬಿಸಿಯಾದ್ಮೇಲೆ ಕೈ ಕೊಡೋ ಕಂಡೆನ್ಸರೂ ಇರ್ತಾವೆ. ಬಂದ್ಮೇಲೆ ದುಡ್ಡಿನ ಮಾತು."

ಮುಕ್ಕಾಲು ಗಂಟೆಯ ಮೇಲೆ ತಿರುವಿನಾಚೆಯಿಂದ ಸದ್ದು ಬಂದಾಗ ಮೇಸ್ತ್ರಿ ಬೇರೊಂದು ಗಾಡಿಯ ಕ್ಲಚ್ ಬಿಚ್ಚುತ್ತಿದ್ದರು. ಕೈ ನಿಲ್ಲಿಸಿ, ತಲೆ ಎತ್ತದೆ ಕೇಳಿಸಿಕೊಂಡರು. ಆಮೇಲೆ ಸ್ಪ್ಯಾನರ್ ಮತ್ತೆ ತಿರುಗಿತು.