ಕೀಲಿಕೈ ಸೋತ ಬಾಗಿಲು

1839ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಹೌಸ್ ಸರ್ಜನ್ ಆಗಿ ಬಂದಾಗ ಜಾನ್ ಟೋಮ್ಸ್‌ಗೆ ಇಪ್ಪತ್ನಾಲ್ಕು ವಯಸ್ಸು. ನೋವಿನಿಂದ ಕೆನ್ನೆ ಹಿಡಿದು ಬಂದವರ ಹಲ್ಲು ಕೀಳುವುದೂ ಆ ಹುದ್ದೆಯ ಪಾಲಿಗೆ ಸೇರಿತ್ತು. ಆಗ ಅದಕ್ಕಿದ್ದ ಮುಖ್ಯ ಸಲಕರಣೆ ‘ಕೀಲಿಕೈ’. ಅದರ ಕೊಕ್ಕೆಯನ್ನು ಹಲ್ಲಿಗೆ ಸಿಕ್ಕಿಸಿ, ದಿಂಡನ್ನು ವಸಡಿಗೆ ಒತ್ತಿ, ಬೀಗ ತೆರೆಯುವಂತೆ ಹಿಡಿಯನ್ನು ತಿರುವಬೇಕು. ಪ್ರಜ್ಞೆ ತಪ್ಪಿಸುವ ಈಥರ್ ಬರಲು ಇನ್ನೂ ಏಳು ವರ್ಷವಿತ್ತು. ರೋಗಿಗೆ ಪೂರ್ತಿ ಎಚ್ಚರವಿರುತ್ತಿತ್ತು.

ಕೀಲಿಕೈಗೆ ಬಲಕ್ಕೇನೂ ಕೊರತೆಯಿರಲಿಲ್ಲ. ಅನಾಹುತವೂ ಆ ಬಲದಿಂದಲೇ ಆಗುತ್ತಿತ್ತು. ಹಲ್ಲು ಪಕ್ಕಕ್ಕೆ ಮಗುಚುವಾಗ ಸನ್ನೆಯ ಭಾರವೆಲ್ಲ ವಸಡಿನ ಮೇಲೆ, ಅದರಡಿಯ ತೆಳು ಎಲುಬಿನ ಮೇಲೆ ಬೀಳುತ್ತಿತ್ತು. ವಸಡು ಜಜ್ಜಿಹೋಗುತ್ತಿತ್ತು, ಎಲುಬು ಸೀಳುತ್ತಿತ್ತು. ಎಷ್ಟೋ ಸಲ ಹಲ್ಲಿನ ತಲೆ ಮುರಿದು ಕೈಗೆ ಬಂದರೆ ನೋವಿನ ಬೇರು ಒಳಗೇ ಉಳಿಯುತ್ತಿತ್ತು. ಆ ಬೇರನ್ನು ತೆಗೆಯಲು ಮತ್ತೆ ಅದೇ ಹಿಂಸೆ.

ಇಕ್ಕಳ ಹೊಸದೇನಲ್ಲ, ಪ್ರಾಚೀನರ ಬಳಿಯೂ ಇತ್ತು. ಆದರೆ ಅದರ ಬಾಯಿ ಹಲ್ಲಿನ ಆಕಾರಕ್ಕೆ ಹೊಂದದೆ ಒಂದೆರಡು ಕಡೆ ಮಾತ್ರ ತಾಗುತ್ತಿತ್ತು. ಬಿಗಿ ಹಿಡಿದರೆ ಹಲ್ಲು ಒಡೆಯುತ್ತಿತ್ತು, ಸಡಿಲ ಬಿಟ್ಟರೆ ಜಾರುತ್ತಿತ್ತು. 1826ರಲ್ಲಿ ಸೈರಸ್ ಫೇ ಎಂಬ ದಂತವೈದ್ಯ ಹಲ್ಲಿನ ಕುತ್ತಿಗೆಗೆ ಒಪ್ಪುವ ಇಕ್ಕಳವನ್ನು ವಿವರಿಸಿದ್ದ. ಆಮೇಲೂ ಕೀಲಿಕೈ ಜಗ್ಗಲಿಲ್ಲ.

ಟೋಮ್ಸ್‌ಗೆ ಹಲ್ಲೆಂದರೆ ಮೊದಲಿನಿಂದಲೂ ವಿಶೇಷ ಆಸಕ್ತಿ. ವಿದ್ಯಾರ್ಥಿಯಾಗಿದ್ದಾಗಲೇ ಹಲ್ಲುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಅವುಗಳ ರಚನೆಯ ಬಗ್ಗೆ ಪ್ರಬಂಧ ಬರೆದವನು ಆತ. ಕೈಬಲ ಸಾಲದೆ ಹಲ್ಲು ಮುರಿಯುತ್ತಿಲ್ಲ, ಉಪಕರಣಕ್ಕೆ ಹಲ್ಲಿನ ಪರಿಚಯವೇ ಇಲ್ಲ ಎಂಬುದು ಅವನಿಗೆ ಹೊಳೆಯಿತು. ಎವ್ರಾರ್ ಎಂಬ ಸಲಕರಣೆ ತಯಾರಕನನ್ನು ಜತೆಗೂಡಿಸಿಕೊಂಡ. ಒಬ್ಬನಿಗೆ ಬೇರಿನ ತಿರುವು ಗೊತ್ತಿತ್ತು, ಇನ್ನೊಬ್ಬನಿಗೆ ಉಕ್ಕಿನ ಗುಣ.

ಒಂದೇ ಇಕ್ಕಳ ಎಲ್ಲ ಹಲ್ಲಿಗೂ ಸಾಲದು ಎಂಬಲ್ಲಿಂದ ಗಂಟು ಬಿಚ್ಚತೊಡಗಿತು. ಮೇಲಿನ ದವಡೆಹಲ್ಲಿಗೆ ಸಾಮಾನ್ಯವಾಗಿ ಕೆನ್ನೆಯ ಕಡೆ ಎರಡು ಬೇರು, ಅಂಗುಳಿನ ಕಡೆ ಒಂದು. ಹಾಗಾಗಿ ಇಕ್ಕಳದ ಕೆನ್ನೆಬದಿಯ ಕೊಕ್ಕಿಗೆ ಆ ಎರಡು ಬೇರುಗಳ ನಡುವೆ ಕೂರುವ ಚೂಪು ಬೇಕು. ಎಡಕ್ಕೆ ಮಾಡಿದ್ದು ಬಲಕ್ಕೆ ಬಾರದು. ಕೆಳಗಿನ ದವಡೆಹಲ್ಲಿನ ಬೇರುಗಳು ಹಿಂದೊಂದು, ಮುಂದೊಂದು ಇರುವುದರಿಂದ ಎರಡೂ ಕೊಕ್ಕಿಗೆ ಚೂಪು. ಹೀಗೆ ಹಲ್ಲಿನ ಜಾತಿಗೊಂದರಂತೆ ಇಕ್ಕಳಗಳು ರೂಪುಗೊಂಡವು. 1841ರಲ್ಲಿ ಟೋಮ್ಸ್ ಅವುಗಳ ರಚನೆಯನ್ನೂ ಬಳಕೆಯನ್ನೂ ಪ್ರಕಟಿಸಿದ. ಕೀಲಿಕೈ ಕ್ರಮೇಣ ಮೂಲೆ ಸೇರಿತು.

ಹಲ್ಲು ‘ಕೀಳುವುದು’ ಎಂದರೂ ಇಕ್ಕಳದ ಮೊದಲ ಕೆಲಸ ಒಳಕ್ಕೆ ಒತ್ತುವುದು. ಕೊಕ್ಕು ವಸಡಿನಡಿ ಇಳಿದು ಬೇರನ್ನು ಹಿಡಿದಾಗ ಹಲ್ಲು ತಿರುಗುವ ಕೇಂದ್ರ ಬೇರಿನ ತುದಿಯತ್ತ ಸರಿಯುತ್ತದೆ. ಆ ತುದಿ ಮುರಿಯುವ ಅಪಾಯ ತಗ್ಗುತ್ತದೆ. ದುಂಡು ಬೇರಿನ ಮುಂದಿನ ಹಲ್ಲನ್ನು ತಿರುವಬಹುದು. ಹಲವು ಬೇರಿನ ದವಡೆಹಲ್ಲನ್ನು ಕೆನ್ನೆಗೂ ನಾಲಗೆಗೂ ನಿಧಾನವಾಗಿ ವಾಲಿಸಬೇಕು. ಬೇರನ್ನು ಎಲುಬಿಗೆ ಕಟ್ಟಿದ ಎಳೆಗಳು ಹಠಾತ್ ಎಳೆತಕ್ಕೆ ಸೆಟೆದು ನಿಲ್ಲುತ್ತವೆ, ತಾಳ್ಮೆಯ ಒತ್ತಡಕ್ಕೆ ಸಡಿಲುತ್ತವೆ. ಸುತ್ತಲಿನ ಎಲುಬೂ ತುಸು ಹಿಗ್ಗಿ ದಾರಿ ಬಿಡುತ್ತದೆ.