ಅಕಾಲದ ಹೂವೂ ಕಸಿ ಕತ್ತರಿಯೂ

ಅರಸೀಕೆರೆಯ ತೆಂಗು ರಾಗಿಗಳ ಬಯಲನ್ನು ಬಿಟ್ಟು, ಹಳೇಬೀಡನ್ನು ಹಾದು, ಬೇಲೂರಿನ ಆಚೆಗೆ ಅರೇಹಳ್ಳಿ ಬಿಕ್ಕೋಡುಗಳ ಕಾಫಿಯ ನೆರಳನ್ನು ಸೇರುವಷ್ಟರಲ್ಲಿ ಮಣ್ಣೂ ಮಳೆಯೂ ಬದಲಾಗುತ್ತವೆಯೇ ಹೊರತು, ಹಿತ್ತಲುಗಳಲ್ಲಿ ಕೇಳಿಬರುವ ಎರಡು ಮಾತುಗಳು ಬದಲಾಗುವುದಿಲ್ಲ: ಹೂವಿನ ಗಿಡಕ್ಕೆ ಕತ್ತರಿ ಹಾಕಿದರೆ ಆ ವರ್ಷದ ಹೂವು ಹೋಯಿತೆಂಬುದೊಂದು, ಕಾಲ ಮೀರಿ ಗಿಡ ಎರಡನೆಯ ಸಲ ಹೂ ಬಿಟ್ಟರೆ ಮನೆಗೆ ಒಳ್ಳೆಯದಲ್ಲವೆಂಬುದು ಇನ್ನೊಂದು. ಈ ಎರಡನೆಯದು ಬಹು ಪ್ರಾಚೀನವಾದ ಭಯ; ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಉತ್ಪಾತಗಳನ್ನು ಎಣಿಸುವಾಗ ವೃಕ್ಷಗಳ ಅಕಾಲಪುಷ್ಪವನ್ನೂ ಅವುಗಳ ಸಾಲಿಗೆ ಸೇರಿಸಿದ್ದಾನೆ. ಆದರೆ ಗಿಡವನ್ನೇ ಹತ್ತಿರದಿಂದ ನೋಡಿದವರಿಗೆ ಇವೆರಡೂ ನಿಲ್ಲತಕ್ಕ ಮಾತುಗಳಲ್ಲ.

ದುಂಡುಮಲ್ಲಿಗೆಯನ್ನೇ ತೆಗೆದುಕೊಳ್ಳೋಣ. ಅದರ ಮೊಗ್ಗು ಹೊಸ ಚಿಗುರಿನ ತುದಿಯಲ್ಲಿ, ಬಹುಮಟ್ಟಿಗೆ ಮೂರು ಮೂರರ ಗೊಂಚಲಾಗಿ ಮೂಡುತ್ತದೆ. ಬೂದುಬಣ್ಣಕ್ಕೆ ತಿರುಗಿದ ಹಳೆಯ ಕಡ್ಡಿ ಎಷ್ಟು ಉದ್ದ ಬೆಳೆದಿದ್ದರೂ ತಾನಾಗಿ ಹೂವನ್ನು ಕೊಡಲಾರದು. ಕುಡಿಯಲ್ಲಿ ಹುಟ್ಟುವ ಪ್ರಚೋದಕ ರಸವೊಂದು ಕೆಳಗಿನ ಕಣ್ಣುಗಳನ್ನು ನಿದ್ರೆಯಲ್ಲಿ ಇಟ್ಟಿರುತ್ತದಾದುದರಿಂದ, ಕುಡಿಯನ್ನು ಕತ್ತರಿಸಿದೊಡನೆ, ಎದುರುಬದುರಾಗಿರುವ ಎರಡೆಲೆಗಳ ಕಂಕುಳಿನಲ್ಲಿದ್ದ ಎರಡು ಕಣ್ಣುಗಳು ಎಚ್ಚೆತ್ತು, ಒಂದು ಕೊಂಬೆಯಿದ್ದಲ್ಲಿ ಎರಡಾಗುತ್ತವೆ. ನವೆಂಬರ್ ಕಡೆಯಲ್ಲಿ ನೀರನ್ನು ಕೆಲವು ದಿನ ತಡೆದು, ನೆಲದಿಂದ ಸುಮಾರು 45 ಸೆಂಟಿಮೀಟರ್ ಬಿಟ್ಟು ಸವರಿ, ಬಳಿಕ ಗೊಬ್ಬರ ನೀರು ಕೊಟ್ಟ ಗಿಡ ಮಾರ್ಚಿಯ ಹೊತ್ತಿಗೆ ಮೊಗ್ಗು ತುಂಬಿ ನಿಲ್ಲುವುದು ಇದರಿಂದಲೇ. ಮೊದಲ ಹೂವು ಮುಗಿದೊಡನೆ ತುದಿಗಳನ್ನು ಲಘುವಾಗಿ ಸವರಿದರೆ ಕೆಲವೇ ವಾರಗಳಲ್ಲಿ ಮತ್ತೆ ಹೂವು. ಶಕುನ ಕೇಳಬೇಕಾದ ಸಂಗತಿ ಇದರಲ್ಲಿ ಯಾವುದೂ ಇಲ್ಲ. ಗುಲಾಬಿ, ದಾಸವಾಳಗಳದೂ ಇದೇ ಸ್ವಭಾವ.

ಹಾಗೆಂದು ಎಲ್ಲ ಗಿಡಕ್ಕೂ ಕತ್ತರಿ ಹಿಡಿದು ಹೊರಡುವುದೂ ಅಷ್ಟೇ ದೊಡ್ಡ ತಪ್ಪು. ಕಾಫಿಯ ಮೊಗ್ಗು ಹಿಂದಿನ ಮಳೆಗಾಲದಲ್ಲಿ ಬೆಳೆದ ರೆಕ್ಕೆಯ, ಎಂದರೆ ಅಡ್ಡಗೊಂಬೆಯ, ಗಿಣ್ಣುಗಳಲ್ಲಿ ಮೊದಲೇ ಕೂತಿರುತ್ತದೆ. ಬೇಸಗೆಯ ಒಣಹವೆಯಲ್ಲಿ ಅದು ಬೆಳೆಯದೆ ಕಾಯುತ್ತಿದ್ದು, ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಏಕಕಾಲಕ್ಕೆ ಬೆಳ್ಳಗಾಗುತ್ತದೆ. ಫೆಬ್ರವರಿಯಲ್ಲಿ ಆ ಎಳೆಯ ರೆಕ್ಕೆಗಳನ್ನೇ ಕತ್ತರಿಸಿದವನು ಮುಂದಿನ ಫಸಲನ್ನೇ ನೆಲಕ್ಕೆ ಕೆಡಹಿದಂತಾಯಿತು. ಹಣ್ಣಿಗೆ ಒಮ್ಮೆ ನೆಲೆಯಾದ ಗಿಣ್ಣು ಸಾಮಾನ್ಯವಾಗಿ ಮತ್ತೆ ಫಲ ಕೊಡದಾದುದರಿಂದ, ಬಲ್ಲ ಬೆಳೆಗಾರರು ಕೊಯ್ಲಾದ ಮೇಲೆ ಫಲಕೊಟ್ಟು ಬರಿದಾದ, ಒಣಗಿದ ರೆಕ್ಕೆಗಳನ್ನು ಮಾತ್ರ ಕಸಿಯಲ್ಲಿ, ಎಂದರೆ ಗಿಡ ಸವರುವ ಕೆಲಸದಲ್ಲಿ, ತೆಗೆಯುತ್ತಾರೆ. ಮೊದಲ ಮಳೆ ಸಾಲದೆ ಹೋದರೆ ಅರೆಬರೆ ಮೊಗ್ಗು ಅರಳಿ, ಉಳಿದುದು ಮುಂದಿನ ಮಳೆಗೆ ಅರಳುತ್ತದೆ. ಜನವರಿಯಲ್ಲಿಯೇ ಮಳೆ ಹೊಯ್ದರೆ ಕೆಂಪು ಹಣ್ಣಿನ ಪಕ್ಕದಲ್ಲಿಯೇ ಬಿಳಿಯ ಹೂವು ಕಾಣಿಸಿಕೊಂಡು, ಹಣ್ಣು ಬಿಡಿಸುವ ಕೈಗಳಿಗೆ ಸಿಕ್ಕಿ ಮೊಗ್ಗು ಉದುರುತ್ತದೆ. ಅಕಾಲಪುಷ್ಪದಿಂದ ಬೆಳೆಗಾರನಿಗೆ ನಿಜವಾಗಿ ಒದಗುವ ಕೇಡು ಇದು. ಅದರ ಕಾರಣ ಮಳೆ, ಗ್ರಹವಲ್ಲ.

ಸೇವಂತಿಗೆಯದು ಇನ್ನೂ ಬೇರೆ. ಕುಡಿ ಚಿವುಟಿದರೆ ಕವಲು ಹೆಚ್ಚುವುದು ದಿಟ, ಆದರೆ ಹಗಲು ಕಿರಿದಾಗಿ ರಾತ್ರಿ ದೀರ್ಘವಾಗುವವರೆಗೆ ಯಾವ ಕತ್ತರಿಯೂ ಅದರಿಂದ ಹೂವನ್ನು ಹೊರಡಿಸಲಾರದು.

ಒಂದು ಸಂದರ್ಭದಲ್ಲಿ ಮಾತ್ರ ಎರಡನೆಯ ಹೂವನ್ನು ಕಂಡು ಎಚ್ಚರಗೊಳ್ಳಬೇಕಾದುದುಂಟು. ಬೇರು ಬಾಧೆಗೊಳಗಾದ ಅಥವಾ ನೀರಿಲ್ಲದೆ ಬಳಲಿದ ಗಿಡವೂ ಕೆಲವೊಮ್ಮೆ ಹೊತ್ತಲ್ಲದ ಹೊತ್ತಿನಲ್ಲಿ ಹೂ ಸುರಿಸುತ್ತದೆ. ಹೂವಿನೊಡನೆ ತಿಳಿಹಸುರಿನ ಹೊಸ ಎಲೆಯೂ ಬರುತ್ತಿದ್ದರೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಸಾಕು. ಎಲೆ ಹಳದಿಗೆ ತಿರುಗಿ ತುದಿಗಳು ಬೋಳಾಗಿದ್ದರೆ, ಬುಡದ ಮಣ್ಣನ್ನು ಮೆಲ್ಲಗೆ ಸರಿಸಿ ಗೆದ್ದಲು ಹತ್ತಿದೆಯೋ, ನೀರು ನಿಂತು ಬೇರು ಕೊಳೆತಿದೆಯೋ ಎಂದು ಆ ದಿನವೇ ನೋಡತಕ್ಕದ್ದು.