ಕಡಲ ಬೆಳಕಿಗೆ ಇದಿರಾಗಿ ಕಟ್ಟಿದ ಮನೆ

ಸಿಡ್ನಿ ನಗರದ ಜಗತ್ಪ್ರಸಿದ್ಧ ಒಪೆರಾ ಭವನವನ್ನು ಕಲ್ಪಿಸಿ, ಅದಿನ್ನೂ ಅರೆಗಟ್ಟಾಗಿರುವಾಗಲೇ 1966ರಲ್ಲಿ ಸರಕಾರದೊಡನೆ ವಿರಸವುಂಟಾಗಿ ಆ ಕಾರ್ಯವನ್ನು ತ್ಯಜಿಸಿ ಬಂದ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ನರು, ತಮ್ಮ ಸಂಸಾರಕ್ಕೆಂದು ಮನೆ ಕಟ್ಟಿಕೊಳ್ಳಲು ಆರಿಸಿದ್ದು ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದ ಆಗ್ನೇಯ ತೀರದಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಕಡಿದಾಗಿ ಇಳಿಯುವ ಬಂಡೆಯೊಂದರ ನೆತ್ತಿಯನ್ನು. 1970ರ ದಶಕದ ಆದಿಭಾಗದಲ್ಲಿ ಮೈದಳೆದ ಆ ಮನೆಗೆ ಪತ್ನಿಯ ನಾಮಧೇಯವನ್ನೇ ಇಟ್ಟು ‘ಕಾನ್ ಲಿಸ್’ ಎಂದು ಕರೆದರು.

ಗಿಲಾವಿಲ್ಲ, ಬಣ್ಣವಿಲ್ಲ, ಅಲಂಕರಣವೆಂಬುದು ಹೆಸರಿಗೂ ಇಲ್ಲ. ಗೋಡೆಗಳೆಲ್ಲ ಆ ದ್ವೀಪದ ‘ಮರೇಸ್’ ಎಂಬ ಸುಣ್ಣಾಂಶಭರಿತ ಮೃದುಶಿಲೆಯವು. ನಮ್ಮ ಕರಾವಳಿಯ ಕೋರೆಗಳಲ್ಲಿ ಮುರಕಲ್ಲನ್ನು ಇಟ್ಟಿಗೆಯ ಆಕಾರಕ್ಕೆ ಕೊಯ್ದು ತೆಗೆಯುವುದನ್ನು ಕಂಡವರಿಗೆ ಅದರ ಬಗೆ ಒಡನೆಯೇ ಮನವರಿಕೆಯಾಗುವುದು. ಗರಗಸದ ಗೀರುಗಳನ್ನು ಸಹ ಅಳಿಸದೆ ಹಾಗೆಯೇ ಉಳಿಸಿದ್ದಾರೆ. ಅಡುಗೆ, ಬೈಠಕ್ಕು, ಶಯನ ಎಂದು ಮನೆಯನ್ನು ಬಿಡಿಬಿಡಿ ಕಟ್ಟಡಗಳಾಗಿ ಒಡೆದು, ಒಂದೊಂದನ್ನೂ ಕಡಲಿನತ್ತ ತುಸು ಬೇರೆಯೇ ಕೋನಕ್ಕೆ ತಿರುಗಿಸಿ ನಿಲ್ಲಿಸಲಾಗಿದೆ. ಇಷ್ಟು ಸರಳವಾದುದಕ್ಕೆ ಇಷ್ಟೊಂದು ಯೋಚನೆಯೇಕೆಂದು ಕೇಳುವವರು ಕಡಲಿನ ಬೆಳಕನ್ನು ಕುರಿತು ಆಲೋಚಿಸಿರಲಾರರು.

ಸೂರ್ಯನು ನಡುನೆತ್ತಿಯಲ್ಲಿರುವಾಗ ನಿಶ್ಚಲವಾದ ನೀರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 2 ಪಾಲನ್ನು ಮಾತ್ರ ಪ್ರತಿಫಲಿಸುತ್ತದೆ. ಅದೇ ಸೂರ್ಯನು ದಿಗಂತದಿಂದ 10 ಡಿಗ್ರಿಯಷ್ಟು ಎತ್ತರಕ್ಕೆ ಇಳಿದಾಗ ಆ ಪ್ರಮಾಣವು ಸುಮಾರು ಮೂರರಲ್ಲೊಂದು ಪಾಲಿಗೆ ಏರುತ್ತದೆ. ಆಕಾಶದಿಂದ ಬರುವ ಬಿಸಿಲನ್ನು ಸೂರು ತಡೆದೀತು. ನೀರಿನಿಂದ ಚಿಮ್ಮಿ ಕೆಳಗಿನಿಂದ ಮೇಲಕ್ಕೆ ಬರುವ ಬೆಳಕಿನ ಮುಂದೆ ಎಷ್ಟು ಚಾಚಿದ ಸೂರಾದರೂ ನಿರರ್ಥಕವೇ ಸರಿ. ಕಣ್ಣು ಕುಕ್ಕುವುದಕ್ಕೆ ಕಾರಣ ಬೆಳಕಿನ ತೀಕ್ಷ್ಣತೆಯೊಂದೇ ಅಲ್ಲ, ಉಜ್ಜ್ವಲವಾದ ಕಿಟಕಿಯ ಪಕ್ಕದಲ್ಲಿಯೇ ಕತ್ತಲೆಯ ಗೋಡೆ ನಿಂತಿರುವುದೂ ಹೌದು. ಅದುಕಾರಣ ಉಟ್ಸನ್ನರು ಬೈಠಕ್ಕಿನ ಕಿಟಕಿಗಳನ್ನು ಆಳವಾದ ಕಲ್ಲಿನ ಗೂಡುಗಳ ತುದಿಯಲ್ಲಿ ಇರಿಸಿದರು. ಗೂಡಿನ ಮಗ್ಗುಲುಗಳು ಹೊರಗಿನ ಪ್ರಖರತೆಗೂ ಒಳಗಿನ ಮಬ್ಬಿಗೂ ನಡುವಣ ಹೊಳಪನ್ನು ತಳೆದು, ದೃಷ್ಟಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಲಿಗೆ ಇಳಿಸುತ್ತವೆ. ಚೌಕಟ್ಟನ್ನು ಹೊರಮೈಗೆ ಜೋಡಿಸಿರುವುದರಿಂದ, ಗಾಜು ಇದೆಯೋ ಇಲ್ಲವೋ ಎಂಬ ಭ್ರಾಂತಿ ಒಳಗೆ ಕುಳಿತವರಿಗೆ. ಗೋಡೆಯ ಮೇಲ್ಭಾಗದ ಒಂದು ಕಿರುಗಂಡಿಯಿಂದ ಅಪರಾಹ್ನದಲ್ಲಿ ತುಸು ಹೊತ್ತು ಬಿಸಿಲುಕೋಲೊಂದು ಕಲ್ಲನ್ನು ಸವರಿ ಹೋಗುತ್ತದೆ; ಈ ಮನೆಯಲ್ಲಿ ಆಭರಣವೆನ್ನಬಹುದಾದದ್ದು ಅದೊಂದೇ.

ಉಪ್ಪುಗಾಳಿಯ ಮಾತು ಬೇರೆ. ಲವಣವು ಕಾಂಕ್ರೀಟಿನೊಳಗೆ ಇಂಗಿ ಕಬ್ಬಿಣವನ್ನು ಮುಟ್ಟಿತೆಂದರೆ, ತುಕ್ಕು ಮೂಲಲೋಹಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟೇ ಸೀಳುತ್ತದೆ. ಭಾರ ಹೊರುವ ಕಲ್ಲುಗೋಡೆಗೆ ಆ ಭಯವಿಲ್ಲವಾದರೂ, ರಂಧ್ರಗಳಲ್ಲಿ ಹರಳುಗಟ್ಟುವ ಉಪ್ಪು ಅದನ್ನೂ ಮೆಲ್ಲಮೆಲ್ಲನೆ ಪುಡಿಗೈಯುತ್ತದೆ.

ಇಷ್ಟೆಲ್ಲ ಉಪಾಯ ಹೂಡಿದರೂ ಕಡಲ ಪ್ರಭೆ ವೃದ್ಧಾಪ್ಯದ ಕಣ್ಣುಗಳಿಗೆ ಸಹ್ಯವಾಗಲಿಲ್ಲ. 1990ರ ದಶಕದಲ್ಲಿ ಉಟ್ಸನ್ ದಂಪತಿಗಳು ಅದೇ ದ್ವೀಪದ ಒಳನಾಡಿನ ಬೆಟ್ಟದ ಮಗ್ಗುಲಲ್ಲಿ ‘ಕಾನ್ ಫೆಲಿಸ್’ ಎಂಬ ಇನ್ನೊಂದು ಮನೆ ಕಟ್ಟಿಕೊಂಡು ಅಲ್ಲಿಗೆ ತೆರಳಿದರು. ಅಲ್ಲಿಂದಲೂ ಸಮುದ್ರ ಕಾಣುತ್ತದೆ, ಬಲು ದೂರದಲ್ಲಿ.